ಗೆದ್ದ ರಿಬ್ಬನ್ನುಗಳನ್ನು ಏನು ಮಾಡೋದು?

ಕೆಲವು ವರ್ಷ ನಾವು ಅಮೆರಿಕದ ವರ್ಜೀನಿಯಾದಲ್ಲಿದ್ದೆವು. ಅಲ್ಲಿ ಶನಿವಾರ ಬೆಳಗಾಯಿತೆಂದರೆ ಯಾರದಾದರೂ ಮನೆಯ ಮುಂದೆ ಗ್ಯಾರೇಜ್ ಸೇಲ್ ಇದ್ದೇ ಇರುತ್ತಿತ್ತು. ನನ್ನವಳಿಗೆ ಪಿಂಗಾಣಿ ಬಟ್ಟಲುಗಳ ಹುಚ್ಚು, ನನಗೆ ಹಳೇ ಪುಸ್ತಕದ ಹುಚ್ಚು. ಹಾಗೆ ಹೋದ ಒಂದು ಮನೆಯಂಗಳದಲ್ಲಿ ನನಗೆ ಸಿಕ್ಕಿದ್ದು ಪುಸ್ತಕ ಅಲ್ಲ, ಒಂದು ಶೂ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಬರೀ ರಿಬ್ಬನ್ನು. ನಡುವೆ ಗುಂಡಗಿನ ಬಿಲ್ಲೆ, ಸುತ್ತ ನೆರಿಗೆ ಹಿಡಿದ ಹೂವು, ಕೆಳಗೆ ಇಳಿಬಿದ್ದ ಬಾಲ. ಬೆಲೆ ಎರಡು ಡಾಲರ್.

"ನನ್ನ ಕುದುರೆ ಗೆದ್ದದ್ದು. ಅದು ಸತ್ತು ನಲವತ್ತು ವರ್ಷದ ಮೇಲಾಯಿತು. ಮಕ್ಕಳಿಗೆ ಬೇಡವಂತೆ" ಅಂದರು ಆ ಮನೆಯ ಅಜ್ಜಿ. ಕುದುರೆಯ ಹೆಸರು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಎರಡು ಡಾಲರ್ ಕೊಟ್ಟು ಡಬ್ಬಿ ಎತ್ತಿಕೊಂಡು ಬಂದೆ. "ಇದನ್ನು ಇಟ್ಟುಕೊಂಡು ಏನು ಮಾಡ್ತೀರಿ?" ಅಂತ ನನ್ನವಳು ಕೇಳಿದಳು. ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ಕಥೆಗಳೇ ಈ ಬರಹ.

ಮೊದಲು ಬಣ್ಣದ ಲೆಕ್ಕ. ಅಮೆರಿಕದ ಕುದುರೆ ಪ್ರದರ್ಶನಗಳಲ್ಲಿ ನೀಲಿ ಅಂದರೆ ಮೊದಲನೆಯ ಬಹುಮಾನ, ಕೆಂಪು ಎರಡನೆಯದು, ಹಳದಿ ಮೂರು, ಬಿಳಿ ನಾಲ್ಕು, ಗುಲಾಬಿ ಐದು, ಹಸಿರು ಆರು. ಅಲ್ಲಿಗೂ ಮುಗಿಯಲ್ಲ, ಏಳಕ್ಕೆ ನೇರಳೆ, ಎಂಟಕ್ಕೆ ಕಂದು. ಇಡೀ ದಿನದ ಚಾಂಪಿಯನ್ನಿಗೆ ನೀಲಿ, ಕೆಂಪು, ಹಳದಿ ಮೂರೂ ಸೇರಿದ ರಿಬ್ಬನ್ನು. ಆದರೆ ಬ್ರಿಟನ್ನಿಗೆ ಹೋದರೆ ಎಲ್ಲ ಉಲ್ಟಾ! ಅಲ್ಲಿ ಕೆಂಪೇ ಮೊದಲು, ನೀಲಿ ಎರಡನೆಯದು. ಕೆನಡಾದವರದೂ ಬ್ರಿಟನ್ನಿನ ಲೆಕ್ಕವೇ. ಆಸ್ಟ್ರೇಲಿಯಾದವರದು ಮಾತ್ರ ಅಮೆರಿಕದಂತೆ ನೀಲಿ ಮೊದಲು.

ಇದನ್ನು ಯಾಕೆ ಹೇಳಿದೆ ಅಂದರೆ, ನನ್ನ ಡಬ್ಬಿಯಲ್ಲಿದ್ದ ಒಂದು ರಿಬ್ಬನ್ನಿನ ಮೇಲೆ 'ಮೊದಲನೆಯ ಬಹುಮಾನ' ಅಂತ ಅಚ್ಚಾಗಿತ್ತು. ಬಣ್ಣ ನೋಡಿದರೆ ಕೆಂಪು ಛಾಯೆಯದು. ಅಜ್ಜಿ ಕುದುರೆ ತೆಗೆದುಕೊಂಡು ಕೆನಡಾಕ್ಕೂ ಹೋಗಿದ್ದರೇನೋ ಅಂದುಕೊಂಡೆ. ಅದಕ್ಕೆ ಆಮೇಲೆ ಬರುತ್ತೇನೆ.

ನೀಲಿ ರಿಬ್ಬನ್ನಿಗೂ ಹಿರಿಮೆಗೂ ನಂಟು ಹಳೆಯದು. ಇಂಗ್ಲೆಂಡಿನ ಮೂರನೇ ಎಡ್ವರ್ಡ್ 1348ರಲ್ಲಿ ಕಟ್ಟಿದ ಗಾರ್ಟರ್ ಪದವಿಯ ಗುರುತು ನೀಲಿ ಪಟ್ಟಿ. ಫ್ರಾನ್ಸಿನ ಮೂರನೇ ಹೆನ್ರಿ 1578ರಲ್ಲಿ ಸ್ಥಾಪಿಸಿದ ಪದವಿಯವರೂ ನೀಲಿ ಪಟ್ಟಿ ಧರಿಸುತ್ತಿದ್ದರು. ಅದರ ಫ್ರೆಂಚ್ ಹೆಸರು 'ಕಾರ್ಡೋ ಬ್ಲೂ' ಇವತ್ತು ಅಡುಗೆ ಶಾಲೆಯ ಹೆಸರಾಗಿ ಎಲ್ಲರಿಗೂ ಗೊತ್ತು. ಇನ್ನು ಈ ರಿಬ್ಬನ್ ಹೂವಿನ ಪೂರ್ವಜ ಅಂದರೆ ಟೋಪಿಗೆ ಸಿಕ್ಕಿಸುವ ಕಾಕೇಡ್. 1789ರ ಜುಲೈನಲ್ಲಿ ಪ್ಯಾರಿಸ್ಸಿನ ಜನ ಅದನ್ನೇ ಟೋಪಿಗೆ ಸಿಕ್ಕಿಸಿಕೊಂಡು ಬೀದಿಗಿಳಿದಿದ್ದರು. ರಾಜನ ಎದೆಯ ಮೇಲಿದ್ದದ್ದು ಜನರ ಟೋಪಿಗೆ ಬಂತು, ಅಲ್ಲಿಂದ ಮುಂದೆ ಕುದುರೆಯ ಕಿವಿಯ ಪಕ್ಕಕ್ಕೆ ಬಂತು!

ಕುದುರೆಗೂ ನೀಲಿ ರಿಬ್ಬನ್ನಿಗೂ ಗಂಟು ಹಾಕಿದ ಒಂದು ಪ್ರಸಿದ್ಧ ಪ್ರಸಂಗ ಇದೆ. ಲಾರ್ಡ್ ಜಾರ್ಜ್ ಬೆಂಟಿಂಕ್ ಅಂತ ಒಬ್ಬ ಇಂಗ್ಲಿಷ್ ರಾಜಕಾರಣಿ. ಡರ್ಬಿ ಗೆಲ್ಲಬೇಕು ಅನ್ನುವುದು ಅವನ ಜೀವಮಾನದ ಆಸೆ. ರಾಜಕೀಯಕ್ಕೆ ಸಮಯ ಸಾಲದು ಅಂತ 1846ರಲ್ಲಿ ತನ್ನ ಕುದುರೆಗಳನ್ನೆಲ್ಲ ಮಾರಿಬಿಟ್ಟ. ಮಾರಿದ್ದರಲ್ಲಿ ಸರ್ಪ್ಲಿಸ್ ಅನ್ನುವ ಮರಿಯೂ ಇತ್ತು. 1848ರ ಡರ್ಬಿ ಗೆದ್ದದ್ದು ಅದೇ ಸರ್ಪ್ಲಿಸ್, ಬೇರೆಯವರ ಹೆಸರಿನಲ್ಲಿ. ಮರುದಿನ ಪಾರ್ಲಿಮೆಂಟಿನ ಲೈಬ್ರರಿಯಲ್ಲಿ ಡಿಸ್ರೇಲಿ ಅವನನ್ನು ನೋಡಿದ. ಬೆಂಟಿಂಕ್ ನರಳುತ್ತಾ, ಡರ್ಬಿ ಅಂದರೆ ಏನು ಅಂತ ನಿನಗೆ ಗೊತ್ತಿಲ್ಲ ಅಂದನಂತೆ. ಗೊತ್ತು, ಅದು ಕುದುರೆ ಪಂದ್ಯಗಳ ನೀಲಿ ರಿಬ್ಬನ್ನು ಅಂತ ಡಿಸ್ರೇಲಿ ಹೇಳಿದನಂತೆ. 1852ರಲ್ಲಿ ಪ್ರಕಟವಾದ ಬೆಂಟಿಂಕನ ಜೀವನಚರಿತ್ರೆಯಲ್ಲಿ ಡಿಸ್ರೇಲಿಯೇ ಇದನ್ನು ಬರೆದಿದ್ದಾನೆ. ಬೆಂಟಿಂಕ್ ಅಷ್ಟರಲ್ಲಿ ಇರಲಿಲ್ಲ. ಆ ಡರ್ಬಿ ಮುಗಿದು ನಾಲ್ಕೇ ತಿಂಗಳಿಗೆ ತೀರಿಕೊಂಡಿದ್ದ. ಕೈಬಿಟ್ಟದ್ದಕ್ಕೆ ಕೊರಗುವುದು ಲಾರ್ಡುಗಳಿಗೂ ತಪ್ಪಿದ್ದಲ್ಲ ನೋಡಿ.

ಅದೇ ಕಾಲಕ್ಕೆ ಕುದುರೆ ಪ್ರದರ್ಶನಗಳೂ ಒಂದೊಂದಾಗಿ ಶುರುವಾದವು. ವರ್ಜೀನಿಯಾದ ಅಪ್ಪರ್‌ವಿಲ್‌ನಲ್ಲಿ 1853ರಲ್ಲಿ ಆರಂಭವಾದದ್ದು ಅಮೆರಿಕದಲ್ಲೇ ಅತಿ ಹಳೆಯದು. ಡಬ್ಲಿನ್ನಿನದು 1864, ನ್ಯೂಯಾರ್ಕಿನ ನ್ಯಾಷನಲ್ ಹಾರ್ಸ್ ಶೋ 1883, ಲಂಡನ್ನಿನ ಒಲಿಂಪಿಯಾ 1907. ಪ್ರದರ್ಶನ ಹೆಚ್ಚಾದಂತೆ ರಿಬ್ಬನ್ನೂ ಹೆಚ್ಚಾಯಿತು. ಬೆಳ್ಳಿ ಬಟ್ಟಲು ಗೆದ್ದವನೊಬ್ಬನಿಗೆ ಸಿಕ್ಕರೆ ಸಾಕು, ರಿಬ್ಬನ್ನಾದರೆ ಆರನೆಯವನಿಗೂ ಕೊಡಬಹುದು. ವಾರವಾರ ಸವಾರಿ ಮಾಡುವ ಮಕ್ಕಳ ಮನೆಯಲ್ಲಿ ನೂರಾರು ಸೇರುತ್ತವೆ. ಆಗ ಹುಟ್ಟುತ್ತದೆ ನನ್ನವಳ ಪ್ರಶ್ನೆ.

ಅದಕ್ಕೆ ಹಳೆಯ ಉತ್ತರ ಕೊಟ್ಟವರು ಅಮೆರಿಕದ ಹೆಂಗಸರು. 1880ರ ದಶಕದಲ್ಲಿ ಅಲ್ಲಿ 'ಕ್ರೇಜಿ ಕ್ವಿಲ್ಟ್' ಅನ್ನುವ ಹುಚ್ಚು ಹಬ್ಬಿತ್ತು. ನಮ್ಮ ಕೌದಿ ಇದೆಯಲ್ಲ, ಅದರ ರೇಷ್ಮೆ ತಂಗಿ ಅನ್ನಿ. ಕೈಗೆ ಸಿಕ್ಕ ರೇಷ್ಮೆ, ಮಖಮಲ್ ಚೂರುಗಳನ್ನೆಲ್ಲ ಅಂಕುಡೊಂಕಾಗಿ ಜೋಡಿಸಿ ಕಸೂತಿ ಹಾಕಿ ಹೊಲಿಯುವುದು. ಚುಟ್ಟಾ ಕಟ್ಟಿಗೆ ಸುತ್ತಿದ್ದ ಹಳದಿ ರಿಬ್ಬನ್ನು, ಚುನಾವಣೆಯ ರಿಬ್ಬನ್ನು, ಜಾತ್ರೆಯಲ್ಲಿ ಗೆದ್ದ ರಿಬ್ಬನ್ನು ಎಲ್ಲ ಅದರೊಳಗೆ. ಬಳಸಿದ ಹಾಗೂ ಆಯಿತು, ನೆನಪಿಟ್ಟ ಹಾಗೂ ಆಯಿತು.

ಆದರೆ ಅವುಗಳಲ್ಲಿ ಎಷ್ಟೋ ಇವತ್ತು ಮುಟ್ಟಿದರೆ ಪುಡಿ ಪುಡಿ. ರಾಮನಗರದಲ್ಲಿ ರೇಷ್ಮೆಗೂಡು ನೋಡಿದವರಿಗೆ ಗೊತ್ತಿರುತ್ತದೆ, ನೂಲಿನ ಮೇಲೆ ಒಂದು ಅಂಟು ಇರುತ್ತದೆ. ಅದನ್ನು ಕುದಿಸಿ ತೆಗೆದರೆ ರೇಷ್ಮೆಯ ತೂಕ ಸುಮಾರು ಕಾಲುಭಾಗ ಇಳಿಯುತ್ತದೆ. ಆ ನಷ್ಟ ತುಂಬಲು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಾರ್ಖಾನೆಯವರು ರೇಷ್ಮೆಗೆ ತವರದ ಲವಣ ಕುಡಿಸುತ್ತಿದ್ದರು. ಮುಟ್ಟಿದರೆ ಭಾರ, ನೋಡಲು ಶ್ರೀಮಂತ, ಒಳಗೆ ಮಾತ್ರ ದಿನೇ ದಿನೇ ಸವೆತ. ಹಾಗಾಗಿ ನಿಮ್ಮ ಹತ್ತಿರ ಆ ಕಾಲದ ರೇಷ್ಮೆ ರಿಬ್ಬನ್ ಇದ್ದರೆ ಮಡಚಬೇಡಿ, ಚಪ್ಪಟೆಯಾಗಿ ಇಡಿ.

ನನ್ನ ಡಬ್ಬಿಯದು ರೇಷ್ಮೆಯಲ್ಲ, ಅಸಿಟೇಟ್. 1920ರ ದಶಕದಿಂದ ಬಳಕೆಗೆ ಬಂದ ಅಗ್ಗದ ಹೊಳಪಿನ ಬಟ್ಟೆ ಇದು. ಆ ಕೆಂಪು ರಿಬ್ಬನ್ನಿನ ರಹಸ್ಯ ಬಿಡಿಸಿದ್ದೂ ಇದೇ. ಒಂದು ಸಂಜೆ ಸುಮ್ಮನೆ ನೆರಿಗೆ ಬಿಡಿಸಿ ನೋಡಿದೆ. ಒಳಗೆ ಅಚ್ಚ ನೀಲಿ! ಅಸಿಟೇಟಿಗೆ ಹಾಕುತ್ತಿದ್ದ ಕೆಲವು ನೀಲಿ ಬಣ್ಣಗಳು ಗ್ಯಾಸ್ ಉರಿಯುವಾಗ ಹುಟ್ಟುವ ನೈಟ್ರೋಜನ್ ಆಕ್ಸೈಡಿನ ಗಾಳಿ ತಾಗಿದರೆ ಕೆಂಪಿಗೆ ತಿರುಗುತ್ತವೆ. ಅಜ್ಜಿ ಅದನ್ನು ಹೀಟರಿನ ಹತ್ತಿರವೋ ಅಡುಗೆಮನೆಯಲ್ಲೋ ತೂಗುಹಾಕಿದ್ದಿರಬೇಕು. ಯಾವ ತೀರ್ಪುಗಾರರೂ ಇಲ್ಲದೆ, ಗೋಡೆಯ ಮೇಲೆ ನೇತಾಡುತ್ತಲೇ ಮೊದಲನೆಯ ಬಹುಮಾನ ಎರಡನೆಯದಾಗಿಬಿಟ್ಟಿತ್ತು.

ಈಗ ಜನ ಏನೇನು ಮಾಡುತ್ತಾರೆ ಅಂದರೆ, ಲಾಯದ ಜೀನು ಇಡುವ ಕೋಣೆಯಲ್ಲಿ ತಂತಿ ಕಟ್ಟಿ ಸಾಲಾಗಿ ತೂಗುಹಾಕುವುದು ಸರ್ವೇಸಾಮಾನ್ಯ. ಧೂಳು, ಬಿಸಿಲು ಎರಡೂ ತಿನ್ನುತ್ತವೆ. ಕೆಲವರು ಆಳವಾದ ಗಾಜಿನ ಚೌಕಟ್ಟಿನಲ್ಲಿ ಫೋಟೋ, ಲಾಳದ ಜೊತೆ ಕೂರಿಸುತ್ತಾರೆ. ಗಾಜಿನ ಮೇಜಿನ ಕೆಳಗೆ ಹರಡುವವರಿದ್ದಾರೆ, ದೊಡ್ಡ ಗಾಜಿನ ಜಾಡಿಯಲ್ಲಿ ತುಂಬಿಡುವವರಿದ್ದಾರೆ. ಬಾಲಗಳನ್ನು ಕತ್ತರಿಸಿ ದಿಂಬು, ಕೌದಿ ಹೊಲಿಯುತ್ತಾರೆ. ಅಸಿಟೇಟ್ ಆದರೆ ಇಸ್ತ್ರಿ ಜೋರಾಗಿ ಬಿಸಿ ಮಾಡಬೇಡಿ, ಕರಗುತ್ತದೆ. ಉಗುರು ಬಣ್ಣ ತೆಗೆಯುವ ಅಸಿಟೋನ್ ಅಂತೂ ಹತ್ತಿರವೂ ಸುಳಿಯಬಾರದು. ಇನ್ನು ಕೆಲವರು ಬೇಡವಾದ್ದನ್ನು ಚಿಕಿತ್ಸೆಗಾಗಿ ಸವಾರಿ ಕಲಿಸುವ ಸಂಸ್ಥೆಗಳಿಗೆ ಕೊಡುತ್ತಾರೆ. ನಡುವಿನ ಬಿಲ್ಲೆಯ ಮೇಲೆ ಹೊಸ ಚೀಟಿ ಅಂಟಿಸಿದರೆ ಅದೇ ರಿಬ್ಬನ್ನು ಇನ್ನೊಂದು ಮಗುವಿನ ಮೊದಲ ಬಹುಮಾನ.

ಒಂದು ಮಾತು. ರಿಬ್ಬನ್ನಿನ ಮುಂಭಾಗದಲ್ಲಿ ಪ್ರದರ್ಶನದ ಹೆಸರಿರುತ್ತದೆ, ಎಷ್ಟನೆಯ ಬಹುಮಾನ ಅಂತ ಇರುತ್ತದೆ. ಕುದುರೆಯ ಹೆಸರು ಮಾತ್ರ ಇರುವುದಿಲ್ಲ! ಹಿಂದೆ ಒಂದು ಪುಟ್ಟ ಚೀಟಿ ಇರುತ್ತದೆ, ಅದರಲ್ಲಿ ಬರೆದುಕೊಳ್ಳಬೇಕು. ಯಾರೂ ಬರೆಯುವುದಿಲ್ಲ. ನನ್ನ ಡಬ್ಬಿಯಲ್ಲಿದ್ದ ಚೀಟಿಗಳೆಲ್ಲ ಖಾಲಿ.

ಹೆಸರು ಉಳಿದ ಒಂದು ಕುದುರೆಯ ಕಥೆ ಹೇಳುತ್ತೇನೆ. ಹಾಲೆಂಡಿನಿಂದ ವಲಸೆ ಬಂದು ನ್ಯೂಯಾರ್ಕಿನ ಬಳಿ ಲಾಂಗ್ ಐಲೆಂಡಿನಲ್ಲಿ ಸವಾರಿ ಕಲಿಸುತ್ತಿದ್ದ ಹ್ಯಾರಿ ಡಿ ಲೇಯರ್ 1956ರಲ್ಲಿ ಒಂದು ಹರಾಜಿಗೆ ತಡವಾಗಿ ಹೋದರು. ಉಳಿದಿದ್ದ ಕುದುರೆಗಳು ಕಸಾಯಿಖಾನೆಯ ಲಾರಿ ಹತ್ತಿದ್ದವು. ಅದರಲ್ಲೊಂದು ಬೂದು ಬಣ್ಣದ ನೇಗಿಲಿನ ಕುದುರೆಯನ್ನು 80 ಡಾಲರಿಗೆ ಇಳಿಸಿಕೊಂಡರು. ಸ್ನೋಮ್ಯಾನ್ ಅಂತ ಹೆಸರಿಟ್ಟರು. ಆಮೇಲೆ ನೆರೆಯ ಡಾಕ್ಟರೊಬ್ಬರಿಗೆ ಮಾರಿದರೆ, ಅದು ಬೇಲಿಗಳನ್ನು ಹಾರಿ ಹಾರಿ ವಾಪಸು ಇವರ ಮನೆಗೇ ಬಂತು! ಎರಡೇ ವರ್ಷಕ್ಕೆ, 1958ರಲ್ಲಿ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ನ್ಯಾಷನಲ್ ಹಾರ್ಸ್ ಶೋನಲ್ಲಿ ಚಾಂಪಿಯನ್ ಆಯಿತು, ಮರುವರ್ಷವೂ ವರ್ಷದ ಕುದುರೆ ಅನ್ನಿಸಿಕೊಂಡಿತು. ಸತ್ತದ್ದು 1974ರಲ್ಲಿ. ಬೆಂಟಿಂಕ್ ಮಾರಿ ಕೊರಗಿದ, ಇವರ ಕುದುರೆ ತಾನೇ ಹಾರಿಬಂದು ಆ ಕೊರಗು ತಪ್ಪಿಸಿತು.

ನಮ್ಮೂರಿಗೂ ಈ ಲೋಕ ಹೊಸದೇನಲ್ಲ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಸೀನ್ಯೂರ್ ಮೆಡಿಕಾಟ್ ಅನ್ನುವ ಕುದುರೆಯೇರಿ ಬೆಳ್ಳಿ ಗೆದ್ದರು. ಕುದುರೆ ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಬಂದದ್ದು 1982ರ ನಂತರ ಅದೇ ಮೊದಲು. ಪತ್ರಿಕೆಗಳಲ್ಲಿ ಕುದುರೆಯ ಹೆಸರೂ ಬಂತಲ್ಲ ಅಂತ ನನಗೆ ಖುಷಿ.

ಇಷ್ಟೆಲ್ಲ ತಲೆ ಕೆಡಿಸಿಕೊಂಡದ್ದಕ್ಕೆ ನನ್ನದೇ ಒಂದು ಕಾರಣ ಇದೆ. ಅಪ್ಪ ಹೋದ ಮೇಲೆ ಊರಿನ ಮನೆ ಖಾಲಿ ಮಾಡುವಾಗ ಒಂದು ತಗಡಿನ ಪೆಟ್ಟಿಗೆ ತುಂಬ ಅವರ ಕಾಲೇಜು ದಿನಗಳ ಕಬಡ್ಡಿ ಸರ್ಟಿಫಿಕೇಟುಗಳಿದ್ದವು. ಗೆದ್ದಲು ಹಿಡಿದಿತ್ತು. ನಾನೇ ಹಿತ್ತಲಲ್ಲಿ ಸುಟ್ಟೆ. ಎಲ್ಲಿ ಆಡಿದರು, ಜೊತೆಗೆ ಯಾರಿದ್ದರು ಅಂತ ಒಂದನ್ನೂ ಓದಲಿಲ್ಲ.

ಅಜ್ಜಿಯ ರಿಬ್ಬನ್ನುಗಳು ಈಗ ನಮ್ಮ ಬೆಂಗಳೂರಿನ ಮನೆಯಲ್ಲಿವೆ. ಕೌದಿ ಹೊಲಿಯಲು ಮನಸ್ಸು ಬರಲಿಲ್ಲ, ಗ್ಯಾಸ್ ಸ್ಟೌವಿನಿಂದ ದೂರದ ಕಪಾಟಿನಲ್ಲಿ ಅದೇ ಡಬ್ಬಿಯಲ್ಲಿಟ್ಟಿದ್ದೇನೆ. ಆ ಕೆಂಪಾದ ನೀಲಿಯೊಂದನ್ನು ಮಾತ್ರ ಚೌಕಟ್ಟು ಹಾಕಿಸಿದ್ದೇನೆ, ಒಂದು ನೆರಿಗೆ ಬಿಡಿಸಿ. ಬಂದವರು ಕೇಳಿದರೆ ಕಥೆ ಹೇಳುತ್ತೇನೆ. ಕುದುರೆಯ ಹೆಸರೇನು ಅಂತ ಕೇಳಿದಾಗ ಮಾತ್ರ ಸುಮ್ಮನಾಗುತ್ತೇನೆ.

ನಿಮ್ಮನೆಯ ಅಟ್ಟದ ಮೇಲೂ ಇಂಥ ಪೆಟ್ಟಿಗೆ ಇದ್ದರೆ, ಇಡುವುದೋ ಬಿಡುವುದೋ ಆಮೇಲಿನ ಮಾತು. ಮೊದಲು ಒಂದು ಪೆನ್ನು ತೆಗೆದುಕೊಂಡು, ಅದರ ಮಾಲೀಕರ ಪಕ್ಕ ಕೂತು, ಹಿಂದೆ ಹೆಸರು ಬರೆದಿಡಿ.