ಕೊಂಕಣದ ಮಲೀದಾ ಮತ್ತು ಯಾಜಕಕಾಂಡದ ಧಾನ್ಯನೈವೇದ್ಯ

ಕಲ್ಯಾಣದಿಂದ ಕಸಾರಾದತ್ತ ಹೋಗುವ ರೈಲುಮಾರ್ಗದ ಮೊದಲ ನಿಲ್ದಾಣವಾದ ಶಹಾಡ್ ಉಲ್ಹಾಸ್ ನದಿಯ ದಡದ ಊರು. ಆ ನದಿ ಮುಂದೆ ಖಾರಿಯಾಗಿ ಹರಿಯುವ ಕಲ್ಯಾಣ ಮತ್ತು ಠಾಣೆಯ ತೀರ ಪಶ್ಚಿಮ ಏಷ್ಯಾದ ಹಡಗುಗಳಿಗೆ ಪ್ರಾಚೀನ ಕಾಲದಿಂದಲೂ ಪರಿಚಿತವಾಗಿತ್ತು. ಪರ್ಷಿಯಾದಲ್ಲಿ ನೇಮಕಗೊಂಡ ಬಿಷಪ್ಪನೊಬ್ಬ ‘ಕಲ್ಲಿಯಾನ’ದಲ್ಲಿದ್ದನೆಂದು ಆರನೆಯ ಶತಮಾನದ ಪ್ರವಾಸಿ ಕಾಸ್ಮಸ್ ಇಂಡಿಕೊಪ್ಲೂಸ್ಟಿಸ್ ಬರೆದಿದ್ದಾನೆ, ಅದು ಈ ಕಲ್ಯಾಣವೆಂದು ಕೆಲವು ವಿದ್ವಾಂಸರೂ ಉಡುಪಿ ಬಳಿಯ ಕಲ್ಯಾಣಪುರವೆಂದು ಇನ್ನು ಕೆಲವರೂ ವಾದಿಸುತ್ತಾರೆ. ಆದರೆ ಇಸ್ರಾಯೇಲಿನ ಅರ್ಪಣೆಯ ನೆನಪು ಈ ಸೀಮೆಯಲ್ಲಿ ಕಣ್ಣಿಗೆ ಕಾಣುವಂತೆ ಉಳಿದಿರುವುದು ಬೆನೆ ಇಸ್ರಾಯೇಲರೆಂಬ ಕೊಂಕಣದ ಯೆಹೂದ್ಯರಲ್ಲಿ.

ಅಲಿಬಾಗ್ ಸಮೀಪದ ನವಗಾಂವ್ ಬಳಿ ಹಡಗು ಒಡೆದಾಗ ಬದುಕುಳಿದ ಏಳು ಜೋಡಿಗಳ ಸಂತತಿ ತಾವೆಂದು ನಂಬುವ ಈ ಜನ ಎಣ್ಣೆಗಾಣದ ಕಸುಬು ಹಿಡಿದು, ಸಬ್ಬತ್ ದಿನ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ಗಳೆನಿಸಿಕೊಂಡರು. ಠಾಣೆಯಲ್ಲಿರುವ ಅವರ ಪ್ರಾರ್ಥನಾಮಂದಿರ ಶಾರ್ ಹಶಾಮಾಯಿಮ್ 1879ರದು. ಮದುವೆ, ಗೃಹಪ್ರವೇಶ, ಹರಕೆ ಸಂದಾಯ ಮುಂತಾದ ಸಂದರ್ಭಗಳಲ್ಲಿ ಅವರು ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ ಬೆರೆಸಿ, ಸುತ್ತ ಹಣ್ಣುಗಳನ್ನಿಟ್ಟು, ಪ್ರವಾದಿ ಎಲೀಯನನ್ನು ಸ್ಮರಿಸಿ ಪ್ರಾರ್ಥಿಸಿದ ಬಳಿಕ ನೆರೆದವರಿಗೆಲ್ಲ ಹಂಚುತ್ತಾರೆ, ಇದೇ ಮಲೀದಾ.

ಇದರಲ್ಲಿ ಬೈಬಲಿನ ಯಾಜಕಕಾಂಡದ ಎರಡನೆಯ ಅಧ್ಯಾಯದ ಧಾನ್ಯನೈವೇದ್ಯದ ಛಾಯೆಯನ್ನು ಕೆಲವು ಸಂಶೋಧಕರು ಕಂಡಿದ್ದಾರೆ. ಆ ಗ್ರಂಥ ಹೇಳುವ ಐದು ಮುಖ್ಯ ಅರ್ಪಣೆಗಳಲ್ಲಿ ಸರ್ವಾಂಗಹೋಮ, ಸಮಾಧಾನಯಜ್ಞ, ದೋಷಪರಿಹಾರಕಯಜ್ಞ, ಪ್ರಾಯಶ್ಚಿತ್ತಯಜ್ಞ ಎಂಬ ನಾಲ್ಕು ಸಾಮಾನ್ಯವಾಗಿ ಪ್ರಾಣಿಗಳನ್ನು ಬೇಡಿದರೆ, ಧಾನ್ಯನೈವೇದ್ಯಕ್ಕೆ ನಯವಾದ ಹಿಟ್ಟು, ಎಣ್ಣೆ ಮತ್ತು ಧೂಪ ಸಾಕಾಗಿದ್ದವು; ಒಂದು ಹಿಡಿಯನ್ನು ವೇದಿಯ ಮೇಲೆ ಸುಟ್ಟು, ಉಳಿದದ್ದನ್ನು ಯಾಜಕರ ಆಹಾರಕ್ಕೆ ಬಿಡಲಾಗುತ್ತಿತ್ತು. ಹುಳಿಹಿಟ್ಟಿಗೂ ಜೇನಿಗೂ ವೇದಿಯ ಬೆಂಕಿಯಲ್ಲಿ ಎಡೆಯಿರಲಿಲ್ಲ, ಉಪ್ಪು ಮಾತ್ರ ತಪ್ಪುವಂತಿರಲಿಲ್ಲ. ಮಲೀದಾದಲ್ಲಿ ಬೆಂಕಿಯಿಲ್ಲ, ಸಿಹಿ ಧಾರಾಳವಾಗಿದೆ, ದರ್ಗಾಗಳಲ್ಲಿ ಹಂಚುವ ಸಿಹಿಗೂ ಇದೇ ಹೆಸರಿದೆ. ಆದ್ದರಿಂದ ಎರಡರ ನಡುವೆ ನೇರ ವಂಶಾವಳಿ ಕಟ್ಟುವುದು ಅತಿಯಾದೀತು. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾಗಿ ಯಜ್ಞವೇದಿಯೇ ಇಲ್ಲವಾದ ಮೇಲೂ ಕೊಡುವ ಮನಸ್ಸು ದೂರದ ಕರಾವಳಿಯೊಂದರಲ್ಲಿ ಅಲ್ಲಿಯ ಧಾನ್ಯವನ್ನೇ ಹಿಡಿದು ಉಳಿಯಿತೆಂಬಷ್ಟನ್ನು ಹೇಳಬಹುದು.

ಹರಕೆಯ ಕೃತಜ್ಞತೆ ಕಟ್ಟಡವಾಗಿಯೂ ನಿಂತಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾಗಿದ್ದು, ಬಿಡುಗಡೆ ಹೊಂದಿದ್ದಕ್ಕೆ ಕೃತಜ್ಞತೆಯಾಗಿ 1796ರಲ್ಲಿ ಮುಂಬಯಿಯ ಮೊದಲ ಯೆಹೂದ್ಯ ಪ್ರಾರ್ಥನಾಮಂದಿರವನ್ನು ಕಟ್ಟಿಸಿದರೆಂದು ಆ ಸಮುದಾಯ ಸ್ಮರಿಸುತ್ತದೆ.

ಕ್ರೈಸ್ತ ಬೋಧನೆ ಯಜ್ಞಗಳನ್ನು ಓದುವಾಗ ಸಾಮಾನ್ಯವಾಗಿ ರಕ್ತದ ಬಳಿಯೇ ನಿಲ್ಲುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆ ಕ್ರಿಸ್ತನ ಮರಣವನ್ನು ಒಮ್ಮೆಗೇ ಸಲ್ಲಿಸಿದ ಯಜ್ಞವೆಂದು ಕಾಣುವುದರಿಂದ ಅದು ಸಹಜ. ಆದರೆ ವಿಧೇಯತೆಯ ಪಾಠ ಹೆಚ್ಚು ನಿಚ್ಚಳವಾಗಿರುವುದು ಹಿಟ್ಟಿನ ನೈವೇದ್ಯದಲ್ಲಿ. ಕುರಿಯನ್ನಾಗಲಿ ಎರಡು ಪಕ್ಷಿಗಳನ್ನಾಗಲಿ ತರಲಾರದ ಬಡವ ಎಫಾದ ಹತ್ತನೆಯ ಒಂದು ಪಾಲು, ಅಂದರೆ ಸುಮಾರು 2 ಲೀಟರ್ ಹಿಟ್ಟು ತಂದರೂ ಅವನ ಪಾಪಕ್ಕೆ ಕ್ಷಮೆಯುಂಟೆಂದು ಯಾಜಕಕಾಂಡದ ಐದನೆಯ ಅಧ್ಯಾಯ ವಿಧಿಸುತ್ತದೆ. ಯೇಸುವಿನ ತಂದೆತಾಯಿಯೂ ಬಡವರ ಪಾಲಿನ ಪಕ್ಷಿಗಳನ್ನೇ ಅರ್ಪಿಸಿದರೆಂದು ಲೂಕನ ಸುವಾರ್ತೆಯಿಂದ ತಿಳಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಅಮಾಲೇಕ್ಯರಿಂದ ಕೊಳ್ಳೆ ಹೊಡೆದ ಕೊಬ್ಬಿದ ಪಶುಗಳನ್ನು ಯಜ್ಞಕ್ಕೆಂದು ಉಳಿಸಿಕೊಂಡ ಅರಸ ಸೌಲ ಪ್ರವಾದಿ ಸಮುವೇಲನಿಂದ ಖಂಡನೆಗೊಳಗಾದ, ಏಕೆಂದರೆ ದೇವರು ಕೇಳಿದ್ದು ಅದನ್ನಲ್ಲ, ವಿಧೇಯತೆಯನ್ನು. ಕಾಣಿಕೆಯ ದೊಡ್ಡಸ್ತಿಕೆಯಿಂದ ಭಕ್ತಿಯನ್ನು ಅಳೆಯುವ ಸಭೆಗಳು ಸೌಲನ ಲೆಕ್ಕವನ್ನೇ ಮುಂದುವರಿಸುತ್ತಿವೆ ಎನ್ನದೆ ವಿಧಿಯಿಲ್ಲ.

ಧಾನ್ಯದ ಅರ್ಪಣೆ ಕ್ರೈಸ್ತರಿಗೂ ಪರಕೀಯವಲ್ಲ. ಮುಂಬಯಿ ಸೀಮೆಗೆ ಬಂದು ನೆಲೆಸಿದವರೂ ಸೇರಿದಂತೆ ಮಂಗಳೂರಿನ ಕ್ಯಾಥೊಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವಾದ ಪಡೆದು ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸೇವಿಸುತ್ತಾರೆ.