ಹತ್ತೊಂಬತ್ತರ ಹುಡುಗನ ಸೀಟು

1/8

ಮೊದಲನೇ ಫೋಟೋದಲ್ಲಿ ನನ್ನ ಅಂಗೈ ಮೇಲೆ ಕೂತಿರೋದು ಎಸ್.ಇ.5ಎ. ಮೊದಲನೇ ಮಹಾಯುದ್ಧದ ಬ್ರಿಟಿಷ್ ಫೈಟರ್. ಒಂದರ ಮೇಲೊಂದು ಎರಡು ರೆಕ್ಕೆ ಇರೋದ್ರಿಂದ ಇಂಥದಕ್ಕೆ ಬೈಪ್ಲೇನ್ ಅಂತಾರೆ. ನಿಜವಾದ ವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ 8.11 ಮೀಟರ್. ನನ್ನದು 1/72 ಸ್ಕೇಲಿನ ಪ್ಲಾಸ್ಟಿಕ್ ಕಿಟ್, ಅಂದ್ರೆ 72 ಪಟ್ಟು ಚಿಕ್ಕದು. ಹನ್ನೊಂದೂಕಾಲು ಸೆಂಟಿಮೀಟರ್ ಅಷ್ಟೇ.

ಡಬ್ಬಿಯಲ್ಲಿದ್ದ ಭಾಗಗಳನ್ನ ಸುಮ್ನೆ ಅಂಟಿಸಿದ್ರೆ ಒಂದು ಭಾನುವಾರದ ಕೆಲಸ. ನನಗೆ ನಾಲ್ಕು ತಿಂಗಳು ಹಿಡೀತು. ಯಾಕಂದ್ರೆ ಡಬ್ಬಿಯಲ್ಲಿ ಇಲ್ಲದ ಭಾಗಗಳನ್ನೂ ಮಾಡೋಕೆ ಹೋದೆ. ತೆಳು ಪ್ಲಾಸ್ಟಿಕ್ ಹಾಳೆ, ತಂತಿ, ಕಾಗದ ಇಟ್ಕೊಂಡು ಕೈಯಾರೆ ಮಾಡೋ ಈ ಕೆಲಸಕ್ಕೆ ಸ್ಕ್ರ್ಯಾಚ್ ಬಿಲ್ಡಿಂಗ್ ಅಂತ ಹೆಸರು. "ಬಿಕಾಂ ಓದೋನಿಗೆ ಇದ್ಯಾಕೆ ಬೇಕಿತ್ತು" ಅಂತ ಕ್ಲಾಸಲ್ಲಿ ಕೇಳಿದವರಿಗೆಲ್ಲ ಈ ಎಂಟು ಕ್ಯಾಪ್ಶನ್ನೇ ಉತ್ತರ. ಇದು ಒಂದು ಸೀಟಿನ ಕಥೆ. ಆ ಸೀಟಲ್ಲಿ ಕೂತಿದ್ದ ಹುಡುಗ ನನಗಿಂತ ಒಂದು ವರ್ಷ ಚಿಕ್ಕವನು.

2/8

ಎರಡನೇ ಫೋಟೋ 1998ರಲ್ಲಿ ನಮ್ಮ ಅಂಚೆ ಇಲಾಖೆ ತಂದ ಸ್ಟಾಂಪ್. ಅದರಲ್ಲಿರೋದು ಇಂದ್ರ ಲಾಲ್ ರಾಯ್. ಹುಟ್ಟಿದ್ದು ಕಲ್ಕತ್ತಾದಲ್ಲಿ, 1898ರ ಡಿಸೆಂಬರ್ 2ಕ್ಕೆ. ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಸ್ಕೂಲಲ್ಲಿ. ಯುದ್ಧ ನಡೀತಿದ್ದಾಗ ರಾಯಲ್ ಫ್ಲೈಯಿಂಗ್ ಕೋರ್‌ಗೆ ಅರ್ಜಿ ಹಾಕಿದ. ಕಣ್ಣು ಸರಿಯಿಲ್ಲ ಅಂತ ವಾಪಸ್ ಕಳಿಸಿದ್ರಂತೆ. ಇವನು ತನ್ನ ಮೋಟಾರ್ ಬೈಕ್ ಮಾರಿ, ಆ ದುಡ್ಡಲ್ಲಿ ದೊಡ್ಡ ಕಣ್ಣಿನ ಡಾಕ್ಟರ ಹತ್ರ ಮತ್ತೊಂದ್ಸಲ ತೋರಿಸ್ಕೊಂಡು, ಹಠ ಬಿಡದೆ ಸೇರಿದ ಅಂತ ಹೇಳ್ತಾರೆ. 1917ರ ಜುಲೈನಲ್ಲಿ ಅಧಿಕಾರಿ ಆದ.

ಅದೇ ವರ್ಷದ ಕೊನೆಗೆ ಫ್ರಾನ್ಸಿನಲ್ಲಿ 56ನೇ ಸ್ಕ್ವಾಡ್ರನ್ ಸೇರಿದ. ಡಿಸೆಂಬರಲ್ಲಿ ಅವನ ಎಸ್.ಇ.5ಎ ನೆಲಕ್ಕೆ ಬಿದ್ದು ಗಾಯವಾಗಿ ಆಸ್ಪತ್ರೆ ಸೇರಿದ. ನನಗೆ ಅವನು ಹತ್ತಿರ ಆಗಿದ್ದು ಇಲ್ಲಿ. ಚೇತರಿಸ್ಕೊಳ್ಳೋವಾಗ ಹುಡುಗ ಏನು ಮಾಡ್ತಿದ್ದ ಗೊತ್ತಾ? ವಿಮಾನದ ಚಿತ್ರ ಬರೀತಿದ್ದ. ಆ ಸ್ಕೆಚ್‌ಗಳು ಈಗಲೂ ಉಳಿದಿವೆ. ಇಂಟರ್ನಲ್ಸ್ ಟೈಮಲ್ಲಿ ಕಾಸ್ಟಿಂಗ್ ನೋಟ್ಸಿನ ಕೊನೇ ಪುಟದಲ್ಲಿ ರೆಕ್ಕೆ ಬರೀತಾ ಕೂರೋ ನನಗೆ ಇಷ್ಟು ಸಾಕಾಯ್ತು. ಕಿಟ್ ಮಾಡಿದ್ರೆ ಅವನ ಹೆಸರಲ್ಲೇ ಮಾಡ್ಬೇಕು ಅಂದ್ಕೊಂಡೆ.

3/8

ಮೂರನೇ ಫೋಟೋ ಡಬ್ಬಿ ತೆಗೆದ ದಿನದ್ದು. ಕಾಕ್‌ಪಿಟ್ ಅಂತ ಕೊಟ್ಟಿದ್ದು ಒಂದು ತೂತು, ಒಂದು ಹಲಗೆ, ಅದರ ಮೇಲೆ ಕೂರಿಸೋಕೆ ಮೂಗು ಬಾಯಿ ಇಲ್ಲದ ಒಬ್ಬ ಪ್ಲಾಸ್ಟಿಕ್ ಪೈಲಟ್. ಅವನನ್ನ ತೂತಿನ ಬಾಯಿಗೆ ಕೂರಿಸಿಬಿಟ್ರೆ ಒಳಗೆ ಏನೂ ಇಲ್ಲ ಅನ್ನೋದು ಯಾರಿಗೂ ಕಾಣಲ್ಲ.

ಲೆಕ್ಕದ ಹುಡುಗ ಅಲ್ವಾ, ಸ್ಕೇಲ್ ಹಿಡಿದು ಅಳೆದೆ. ಕಾಕ್‌ಪಿಟ್ ಗೋಡೆ 1 ಮಿಲಿಮೀಟರ್ ದಪ್ಪ. 72ರಿಂದ ಗುಣಿಸಿ: 7.2 ಸೆಂಟಿಮೀಟರ್. ಹೆಚ್ಚುಕಮ್ಮಿ ನಮ್ಮ ಮನೆ ಇಟ್ಟಿಗೆಯ ದಪ್ಪ! ನಿಜವಾದ ವಿಮಾನದಲ್ಲಿ ಅಲ್ಲಿ ಇದ್ದಿದ್ದು ಮರದ ಚೌಕಟ್ಟು, ತೆಳು ಪ್ಲೈವುಡ್, ಹಿಂದಕ್ಕೆ ಹೋದ್ರೆ ಬರೀ ಲಿನನ್ ಬಟ್ಟೆ. ಬಟ್ಟೆ ಬಿಗಿಯಾಗಿ ಎಳೆದು ನಿಲ್ಲಲಿ ಅಂತ ಅದಕ್ಕೆ ಡೋಪ್ ಅನ್ನೋ ದ್ರಾವಣ ಬಳೀತಿದ್ರು. ಅದರಲ್ಲಿ ಇರ್ತಿದ್ದಿದ್ದು ಸೆಲ್ಯುಲೋಸ್ ಅಸಿಟೇಟ್. ಇನ್ನೊಂದು ಮಜಾ ಕೇಳಿ. 1936ರಲ್ಲಿ ಇಂಗ್ಲೆಂಡಿನ ಫ್ರಾಗ್ ಕಂಪನಿ "ಪೆಂಗ್ವಿನ್" ಹೆಸರಲ್ಲಿ ಪ್ಲಾಸ್ಟಿಕ್ ವಿಮಾನದ ಕಿಟ್‌ಗಳನ್ನ ಮೊದಲು ತಂದಾಗ ಬಳಸಿದ ಪ್ಲಾಸ್ಟಿಕ್ಕೂ ಸೆಲ್ಯುಲೋಸ್ ಅಸಿಟೇಟೇ. ಸ್ಕೇಲ್ ಕೂಡ ಇದೇ 1/72. ಒಂದು ಕಾಲದಲ್ಲಿ ರೆಕ್ಕೆಗೆ ಬಳೀತಿದ್ದ ವಸ್ತು ಇಪ್ಪತ್ತು ವರ್ಷ ಆದ್ಮೇಲೆ ಮಕ್ಕಳ ಕೈಗೆ ಆಟಿಕೆಯಾಗಿ ಬಂತು.

ಗೋಡೆಯನ್ನ ಒಳಗಿನಿಂದ ಬ್ಲೇಡಲ್ಲಿ ಹೆರೆದೆ, ಬೆಳಕು ಹಾಯೋವರೆಗೆ. ಒಂದು ಕಡೆ ತೂತು ಬಿತ್ತು, ತೇಪೆ ಹಾಕಿದೆ. ಮರದ ಚೌಕಟ್ಟಿನ ಅಡ್ಡಪಟ್ಟಿಗಳನ್ನ 0.25 ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯಿಂದ ಎಳೆ ಎಳೆಯಾಗಿ ಕತ್ತರಿಸಿ ಅಂಟಿಸಿದೆ. ಹೆರೀತಾ ಹೆರೀತಾ ಒಂದು ವಿಷಯ ತಲೆಗೆ ಹೋಯ್ತು: ಗುಂಡಿಗೂ ಈ ಹುಡುಗನಿಗೂ ನಡುವೆ ಇದ್ದಿದ್ದು ಇಷ್ಟೇ.

4/8

ನಾಲ್ಕನೇ ಫೋಟೋ ಮೇಲಿನ ರೆಕ್ಕೆಯ ಲೂಯಿಸ್ ಗನ್. ಎಸ್.ಇ.5ಎಗೆ ಎರಡು ಗನ್. ಒಂದು ವಿಕರ್ಸ್, ಅದು ಮುಂದೆ ತಿರುಗೋ ಪ್ರೊಪೆಲ್ಲರ್ ಎಲೆಗಳ ಸಂದಿಯಿಂದ ಲೆಕ್ಕ ಹಾಕಿ ಗುಂಡು ಹಾರಿಸೋದು. ಇನ್ನೊಂದು ಈ ಲೂಯಿಸ್, ಪ್ರೊಪೆಲ್ಲರ್‌ಗಿಂತ ಮೇಲೆ ಕೂತಿರೋದ್ರಿಂದ ಅದಕ್ಕೆ ಆ ತೊಂದರೆ ಇಲ್ಲ. ತೊಂದರೆ ಬೇರೆ. ಅದರ ದುಂಡು ಡ್ರಮ್ಮಿನಲ್ಲಿ 97 ಗುಂಡು ಮಾತ್ರ. ಖಾಲಿ ಆದ್ರೆ ಪೈಲಟ್ಟೇ ಬದಲಾಯಿಸ್ಬೇಕು, ಅದೂ ಹಾರ್ತಾ ಇರೋವಾಗ.

ಅದಕ್ಕೆ ಸಾರ್ಜೆಂಟ್ ಫಾಸ್ಟರ್ ಅನ್ನೋರು ಒಂದು ಬಾಗಿದ ಕಂಬಿ ಕಂಡುಹಿಡಿದಿದ್ರು, ಹೆಸರೂ ಫಾಸ್ಟರ್ ಮೌಂಟಿಂಗ್. ಗನ್ ಈ ಕಂಬಿ ಮೇಲೆ ಹಿಂದಕ್ಕೆ ಜಾರಿ ಪೈಲಟ್ ಮುಖದ ಹತ್ರ ಇಳಿಯುತ್ತೆ. ಇಂಥ ವ್ಯವಸ್ಥೆ ಇಲ್ಲದಿದ್ದಾಗ ಏನಾಗ್ತಿತ್ತು? 1915ರ ಮೇ ತಿಂಗಳಲ್ಲಿ ಲೂಯಿಸ್ ಸ್ಟ್ರೇಂಜ್ ಅನ್ನೋ ಪೈಲಟ್ ತನ್ನ ಮಾರ್ಟಿನ್‌ಸೈಡ್ ವಿಮಾನದಲ್ಲಿ ಸಿಕ್ಕಿಕೊಂಡ ಡ್ರಮ್ ಬಿಡಿಸೋಕೆ ಬೆಲ್ಟ್ ಬಿಚ್ಚಿ ಎದ್ದು ನಿಂತ. ವಿಮಾನ ತಲೆಕೆಳಗಾಯ್ತು. ಆ ಡ್ರಮ್ಮನ್ನೇ ಹಿಡ್ಕೊಂಡು ಆಕಾಶದಲ್ಲಿ ನೇತಾಡಿದ! ಕಾಲಲ್ಲಿ ಒದ್ದು ಒದ್ದು ಹೇಗೋ ಒಳಗೆ ಸೇರಿ ವಿಮಾನ ಸರಿಮಾಡ್ಕೊಂಡು ಬದುಕಿ ಬಂದ. ಬರೋ ಅಷ್ಟರಲ್ಲಿ ಒಳಗಿನ ಮೀಟರ್‌ಗಳನ್ನ ತಾನೇ ಒದ್ದು ಪುಡಿ ಮಾಡಿದ್ದ. ಸಿಕ್ಕಿಕೊಂಡಿದೆ ಅಂತ ಬೈದ ಡ್ರಮ್ಮೇ ಅವನ ಜೀವ ಉಳಿಸಿದ್ದು.

ಕಿಟ್‌ನಲ್ಲಿ ಗನ್ ಅಂತ ಕೊಟ್ಟಿದ್ದು ಒಂದು ಕಡ್ಡಿ, ಕಂಬಿಯೇ ಇಲ್ಲ. ಹಾಳಾದ ಇಯರ್‌ಫೋನಿನ ತಾಮ್ರದ ತಂತಿಯಿಂದ ಕಂಬಿ, ಮೆಡಿಕಲ್ ಶಾಪಿನ ಸಣ್ಣ ಸೂಜಿಯಿಂದ ಗನ್ ನಳಿಕೆ, ಪ್ಲಾಸ್ಟಿಕ್ ಹಾಳೆಯ 3 ಮಿಲಿಮೀಟರ್ ಬಿಲ್ಲೆಗಳಿಂದ ಡ್ರಮ್. ಮೊದಲನೇದನ್ನ ಅಮ್ಮ ಕಸದ ಜೊತೆ ಗುಡಿಸಿಬಿಟ್ರು. ಫೋಟೋದಲ್ಲಿರೋದು ಎರಡನೇದು.

5/8

ಐದನೇ ಫೋಟೋ ನೀವೆಲ್ಲ ಸ್ಟೋರಿಯಲ್ಲಿ ನೋಡಿ ನಕ್ಕಿದ್ದು: ಊದಿನಕಡ್ಡಿ ಹಿಡ್ಕೊಂಡು ವಿಮಾನಕ್ಕೆ ಪೂಜೆ ಮಾಡ್ತಿರೋ ನಾನು. ಪೂಜೆ ಅಲ್ಲ ಮಾರಾಯ್ರೇ, ತಂತಿ ಬಿಗಿ ಮಾಡ್ತಿದ್ದೆ.

ಬೈಪ್ಲೇನಿನ ಎರಡು ರೆಕ್ಕೆಗಳ ಮಧ್ಯೆ ಕೋನ ಕೋನವಾಗಿ ತಂತಿ ಇರುತ್ತೆ. ಅಲಂಕಾರಕ್ಕಲ್ಲ. ಬುಡದಿಂದ ಹೊರಗಡೆ ಮೇಲಕ್ಕೆ ಹೋಗೋ ತಂತಿಗಳು ಹಾರೋವಾಗ ರೆಕ್ಕೆ ಮೇಲಕ್ಕೆ ಮಡಚದಂತೆ ತಡೀತವೆ. ಮೇಲಿನಿಂದ ಹೊರಗಡೆ ಕೆಳಕ್ಕೆ ಬರೋವು ನೆಲದ ಮೇಲೆ ನಿಂತಾಗ ರೆಕ್ಕೆಯ ಭಾರ ಹೊರ್ತವೆ. ಮರ, ಬಟ್ಟೆ, ತಂತಿ ಮೂರೂ ಸೇರಿದ್ರೇನೇ ಅದು ರೆಕ್ಕೆ. ಈ ವಿಮಾನವನ್ನ ರೂಪಿಸಿದ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿ ಈ ಪಾಠವನ್ನ ದುಬಾರಿ ಬೆಲೆಗೆ ಕಲೀತು. ವಿನ್ಯಾಸ ಮಾಡಿದವರಲ್ಲಿ ಒಬ್ಬರಾದ ಫ್ರಾಂಕ್ ಗುಡನ್ 1917ರ ಜನವರಿ 28ಕ್ಕೆ ತಮ್ಮದೇ ಎರಡನೇ ಮಾದರಿ ವಿಮಾನ ಹಾರಿಸುವಾಗ ರೆಕ್ಕೆ ಮುರಿದು ತೀರಿಕೊಂಡ್ರು. ಆಮೇಲೆ ರೆಕ್ಕೆಯ ರಚನೆಯನ್ನ ಬಲಪಡಿಸಿದ್ರು.

ಕಿಟ್‌ನಲ್ಲಿ ಒಂದೂ ತಂತಿ ಇಲ್ಲ. ಮೊದಲು ಅಕ್ಕನ ತಲೆಕೂದಲು ಹಾಕಿ ನೋಡಿದೆ (ಕೇಳಿಯೇ ತಗೊಂಡಿದ್ದು). ಲೆಕ್ಕದಲ್ಲಿ ಸರಿಯಾಗೇ ಇತ್ತು, 0.07 ಮಿಲಿಮೀಟರ್ ಕೂದಲು 72 ಪಟ್ಟಾದ್ರೆ 5 ಮಿಲಿಮೀಟರ್. ಆದ್ರೆ ಮಳೆಗಾಲದ ತೇವಕ್ಕೆ ಜೋತುಬಿತ್ತು. ಆಮೇಲೆ ಹಳೇ ಉಪಾಯ: ಭಾಗಗಳು ಅಂಟಿಕೊಂಡು ಬರೋ ಪ್ಲಾಸ್ಟಿಕ್ ಚೌಕಟ್ಟಿನ ತುಂಡನ್ನ ಮೇಣದಬತ್ತಿಯ ಉರಿಗಿಂತ ಸ್ವಲ್ಪ ಮೇಲೆ ಹಿಡಿದು, ಮೆತ್ತಗಾದ ತಕ್ಷಣ ಪಕ್ಕಕ್ಕೆ ತಂದು ಎಳೆದ್ರೆ ನೂಲಿನಂಥ ಎಳೆ ಬರುತ್ತೆ. ಅದನ್ನ ಅಂಟಿಸಿ, ಸಡಿಲ ಇದ್ದ ಕಡೆ ಊದಿನಕಡ್ಡಿಯ ಕೆಂಡವನ್ನ ಮುಟ್ಟಿಸದೆ ಹತ್ತಿರ ತಂದ್ರೆ ಎಳೆ ತಾನೇ ಬಿಗಿಯಾಗುತ್ತೆ. ಮುಟ್ಟಿಸಿದ್ರೆ ಕತೆ ಮುಗೀತು. ಮೂರು ಸಲ ಮುಗಿದಿದೆ.

6/8

ಆರನೇ ಫೋಟೋ ಸೀಟು. ಉದ್ದ ಅಗಲ ಅರ್ಧ ಸೆಂಟಿಮೀಟರ್ ಆಸುಪಾಸು. ಮೆತ್ತೆಗೆ ಕಂದು ಬಣ್ಣ, ಸೊಂಟದ ಅಗಲ ಬೆಲ್ಟಿಗೆ ಹಳೇ ಬಸ್ ಟಿಕೆಟಿನ ಕಾಗದ, ಕೊಂಡಿಗೆ ಚಾಕಲೇಟ್ ಫಾಯಿಲ್. ಮುಂದೆ ಮೀಟರ್‌ಗಳ ಫಲಕ, ಗಾಜಿನ ಹೊಳಪಿಗೆ ಅಕ್ಕನ ನೈಲ್ ಪಾಲಿಶ್. ಕಾಲ ನಡುವೆ ಸ್ಟಿಕ್. ಆ ಫಲಕದ ಆಚೆ, ಎಂಜಿನ್ನಿಗೂ ಪೈಲಟ್‌ಗೂ ಮಧ್ಯೆ ಪೆಟ್ರೋಲ್ ಟ್ಯಾಂಕ್.

ಅಜ್ಜಿ ಭೂತಕನ್ನಡಿಯಲ್ಲಿ ಎಲ್ಲಾ ನೋಡಿದ್ರು. ಎಂಜಿನ್ ಯಾವುದು, ಟ್ಯಾಂಕ್ ಯಾವುದು ಅಂತ ಕೇಳಿ ತಿಳ್ಕೊಂಡ್ರು. ಆಮೇಲೆ ಒಂದೇ ಪ್ರಶ್ನೆ: "ಮರ, ಬಟ್ಟೆ, ಎದುರಿಗೇ ಪೆಟ್ರೋಲು. ಬೆಂಕಿ ಬಿದ್ರೆ ಈ ಮಗು ಹೆಂಗೋ ಇಳೀತಿತ್ತು?"

ನನ್ನ ಹತ್ರ ಉತ್ತರ ಇರ್ಲಿಲ್ಲ. ನಾಲ್ಕು ತಿಂಗಳು ಆ ಸೀಟಿನ ಸುತ್ತಾನೇ ಇದ್ದೆ, ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಪ್ಯಾರಾಶೂಟ್ ಎಲ್ಲಿ ಇಡ್ತಿದ್ರು ಅಂತ ಅವತ್ತು ರಾತ್ರಿ ಹುಡುಕೋಕೆ ಕೂತೆ, ಅದನ್ನೂ ಮಾಡಿ ಅಂಟಿಸೋಣ ಅಂತ.

7/8

ಅಂಟಿಸೋಕೆ ಏನೂ ಇಲ್ಲ. ಬ್ರಿಟಿಷ್ ಫೈಟರ್ ಪೈಲಟ್‌ಗಳಿಗೆ ಆ ಯುದ್ಧ ಮುಗಿಯೋವರೆಗೂ ಪ್ಯಾರಾಶೂಟ್ ಕೊಡಲೇ ಇಲ್ಲ.

ಪ್ಯಾರಾಶೂಟ್ ಇರ್ಲಿಲ್ಲ ಅಂತಲ್ಲ. ಬಲೂನ್ ಮೇಲೆ ಕೂತು ಶತ್ರು ಸಾಲನ್ನ ನೋಡೋರಿಗೆ ಕೊಡ್ತಿದ್ರು. ಎವರಾರ್ಡ್ ಕ್ಯಾಲ್ತ್ರಾಪ್ ಮಾಡಿದ "ಗಾರ್ಡಿಯನ್ ಏಂಜೆಲ್" ಪ್ಯಾರಾಶೂಟ್ ಕಟ್ಕೊಂಡು ಕ್ಯಾಪ್ಟನ್ ಕ್ಲೈವ್ ಕಾಲೆಟ್ 1917ರ ಜನವರಿಯಲ್ಲೇ ವಿಮಾನದಿಂದ ಹಾರಿ ತೋರಿಸಿದ್ದ. ಕೊಡದೇ ಇದ್ದಿದ್ದಕ್ಕೆ ಕಾರಣ ಹಲವು ಹೇಳ್ತಾರೆ: ತೂಕ ಜಾಸ್ತಿ, ಕಾಕ್‌ಪಿಟ್ ಇಕ್ಕಟ್ಟು, ನಂಬೋ ಹಾಗಿಲ್ಲ. ಇನ್ನೊಂದು ಕಾರಣವೂ ಇದೆ: ಕೊಟ್ರೆ ಪೈಲಟ್‌ಗಳು ಹೋರಾಡೋದು ಬಿಟ್ಟು ಬೇಗ ಹಾರಿಬಿಡ್ತಾರೆ ಅನ್ನೋ ಅನುಮಾನ. ಕಾಸ್ಟಿಂಗ್ ಪೇಪರಲ್ಲಿ ನಾವೂ ತೂಕ, ಖರ್ಚು, ಲಾಭ ಅಂತ ಕಾಲಂ ಹಾಕ್ತೀವಲ್ಲ. ಇಲ್ಲಿ ಒಂದು ಕಾಲಂ ಬಿಟ್ಟುಹೋಗಿತ್ತು.

ಆ ಕಡೆ ಜರ್ಮನ್ನರು 1918ರಲ್ಲಿ ತಮ್ಮ ಪೈಲಟ್‌ಗಳಿಗೆ ಹೈನೆಕೆ ಪ್ಯಾರಾಶೂಟ್ ಕೊಡೋಕೆ ಶುರುಮಾಡಿದ್ರು. ಅದೂ ಪೂರ್ತಿ ನಂಬಿಕೆಯದಲ್ಲ, ಆದ್ರೂ ಜೂನ್ 29ಕ್ಕೆ ಎರ್ನ್ಸ್ಟ್ ಊಡೆಟ್ ಅನ್ನೋ ಪೈಲಟ್ ಅದರಿಂದಲೇ ಬದುಕಿದ.

ಅದಾಗಿ ಒಂದೇ ವಾರಕ್ಕೆ, ಜುಲೈ 6ಕ್ಕೆ, 40ನೇ ಸ್ಕ್ವಾಡ್ರನ್ನಿನಲ್ಲಿ ಇಂದ್ರ ಲಾಲ್ ರಾಯ್ ಮತ್ತೆ ಎಸ್.ಇ.5ಎ ಏರಿ ಮೊದಲ ಗೆಲುವು ಪಡೆದ. 19ನೇ ತಾರೀಕಿನ ಹೊತ್ತಿಗೆ ಲೆಕ್ಕ 10. ಹದಿನಾಲ್ಕು ದಿನದಲ್ಲಿ ಹತ್ತು.

8/8

ಜುಲೈ 22ಕ್ಕೆ ಫ್ರಾನ್ಸಿನ ಕಾರ್ವಿನ್ ಮೇಲೆ ಫೋಕರ್ ಡಿ.7 ವಿಮಾನಗಳ ಜೊತೆ ಕಾದಾಡುವಾಗ ಅವನ ವಿಮಾನ ಬಿತ್ತು. ವಯಸ್ಸು 19 ವರ್ಷ, 7 ತಿಂಗಳು, 20 ದಿನ. ನಾಲ್ಕು ದಿನ ಕಳೆದು, 26ಕ್ಕೆ, ಅದೇ ಸ್ಕ್ವಾಡ್ರನ್ನಿನಿಂದ ಬೆಳೆದ ಮಿಕ್ ಮ್ಯಾನಕ್ ಹೋದರು. 31ಕ್ಕೆ ರಾಯ್‌ಗೆ ಗುರುವಿನಂತಿದ್ದ ಜಾರ್ಜ್ ಮೆಕೆಲ್ರಾಯ್ ಕೂಡ. ಹತ್ತು ದಿನದಲ್ಲಿ ಮೂವರು, ಮೂವರೂ ಇದೇ ಎಸ್.ಇ.5ಎಯಲ್ಲಿ. ರಾಯ್‌ಗೆ ಸೆಪ್ಟೆಂಬರಲ್ಲಿ ಡಿಎಫ್‌ಸಿ ಪದಕ ಬಂತು. ಅದು ಸಿಕ್ಕ ಮೊದಲ ಭಾರತೀಯ ಅವನೇ. ಎಸ್ತವೆಲ್ ಅನ್ನೋ ಹಳ್ಳಿಯ ಸ್ಮಶಾನದಲ್ಲಿ ಅವನ ಸಮಾಧಿ ಇದೆ, ಕಲ್ಲಿನ ಮೇಲೆ ಬಂಗಾಳಿ ಅಕ್ಷರ ಇದೆ. ಅವನ ಸಂಬಂಧಿ ಸುಬ್ರೊತೋ ಮುಖರ್ಜಿ ಮುಂದೆ ನಮ್ಮ ವಾಯುಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು.

ಕೊನೇ ಫೋಟೋ ಮೇಲಿನಿಂದ ತೆಗೆದದ್ದು. ಕಿಟ್ ಜೊತೆ ಬಂದ ಮೂಗು ಬಾಯಿ ಇಲ್ಲದ ಪೈಲಟ್ ಡಬ್ಬಿಯಲ್ಲೇ ಇದ್ದಾನೆ, ಅವನನ್ನ ಕೂರಿಸಲಿಲ್ಲ. ಸೀಟು ಖಾಲಿ, ಬೆಲ್ಟ್ ಬಿಚ್ಚಿದೆ. ಅಷ್ಟು ಕಷ್ಟಪಟ್ಟು ಮಾಡಿದ್ದು ಕಾಣ್ಲಿ ಅಂತಾನೂ ಹೌದು. ಅದಕ್ಕಿಂತ ಹೆಚ್ಚಾಗಿ, ಅಜ್ಜಿ ಪ್ರಶ್ನೆ ಕೇಳಿದ ಮೇಲೆ ಅಲ್ಲಿ ಯಾರನ್ನೂ ಕೂರಿಸೋಕೆ ಮನಸ್ಸು ಬರಲಿಲ್ಲ.

ಮುಂದಿನ ತಿಂಗಳು ನನಗೆ ಇಪ್ಪತ್ತೊಂದು. ವಿಮಾನ ಅಜ್ಜಿಯ ಶೋಕೇಸಿನಲ್ಲಿದೆ. ಮನೆಗೆ ಬಂದ್ರೆ ಭೂತಕನ್ನಡಿ ಕೊಡ್ತಾರೆ, ನೋಡಿ. ಮುಟ್ಟಬೇಡಿ ಅಷ್ಟೇ, ತಂತಿ ಕಿತ್ತುಬರುತ್ತೆ.

ಯಾವ ಭಾಗ ಹೇಗೆ ಮಾಡಿದೆ ಅಂತ ತಿಳ್ಕೋಬೇಕಿದ್ರೆ ಕೆಳಗೆ ಕೇಳಿ, ಪರೀಕ್ಷೆ ಮುಗಿದ ಮೇಲೆ ಒಂದೊಂದಾಗಿ ತೋರಿಸ್ತೀನಿ.

#ಇಂದ್ರಲಾಲ್‌ರಾಯ್ #ಸ್ಕ್ರ್ಯಾಚ್‌ಬಿಲ್ಡಿಂಗ್ #ಕನ್ನಡದಲ್ಲಿಇತಿಹಾಸ