ಅಂಗಳದ ಆವಿಗೆ

ಕರಾವಳಿಯ ಮಣ್ಣು ಕುಂಬಾರರ ಅಂಗಳ ಬಿಟ್ಟು ಕಾರ್ಖಾನೆ ಸೇರಿದ್ದು 1865ರಲ್ಲಿ. ಆ ವರ್ಷ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. 1868ರಲ್ಲಿ ಆಲ್ಬುಕರ್ಕ್ ಮನೆತನದವರೂ ಪಾಣೆಮಂಗಳೂರಿನಲ್ಲಿ ಕಾರ್ಖಾನೆ ತೆರೆದರು. ನದೀದಂಡೆಯ ಜೇಡಿಯನ್ನು ಯಂತ್ರದಲ್ಲಿ ಒತ್ತಿ, ದೊಡ್ಡ ಭಟ್ಟಿಯಲ್ಲಿ ಸುಟ್ಟು, ಹಡಗಿಗೆ ಹೇರಿ ಕಳಿಸುವ ಉದ್ಯಮ ಅದು. ಅಲ್ಲಿಯವರೆಗೆ ಹೆಂಚನ್ನೂ ಕುಂಬಾರರೇ ಮಾಡುತ್ತಿದ್ದರು. ತಿಗರಿಯ ಮೇಲೆ ಒಂದು ಕೊಳವೆ ಎತ್ತುವುದು, ಅರೆಬರೆ ಒಣಗಿದ ಮೇಲೆ ಉದ್ದಕ್ಕೆ ಸೀಳುವುದು, ಎರಡು ನಾಡಹೆಂಚು ಸಿದ್ಧ. ಚಪ್ಪಟೆಯಾದ, ಒಂದರೊಳಗೊಂದು ಕಚ್ಚಿ ಕೂರುವ ಮಂಗಳೂರು ಹೆಂಚು ಬಂದ ಮೇಲೆ ಕುಂಬಾರರ ಕೈಯಿಂದ ಆ ಕೆಲಸ ಹೋಯಿತು. ಮಿಕ್ಕವೂ ಒಂದೊಂದಾಗಿ ಅದರ ಬೆನ್ನು ಹಿಡಿದವು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಕಾಳಿ ನದಿಯ ದಂಡೆಯ ಕದ್ರಾದಲ್ಲಿ ನಮ್ಮ ಮನೆಯ ಹಿಂದಿನ ಹಳೆಯ ಕೊಟ್ಟಿಗೆಯೇ ನನ್ನ ಸ್ಟುಡಿಯೋ. ಒಂದು ವಿದ್ಯುತ್ ತಿಗರಿ, ಒಂದು ವಿದ್ಯುತ್ ಭಟ್ಟಿ, ಗೋಡೆಗುಂಟ ಹಲಗೆಗಳು, ನೆನೆಹಾಕಿದ ಮಣ್ಣಿನ ಡ್ರಮ್ಮುಗಳು. ಲೋಟ, ಬಟ್ಟಲು, ಉಪ್ಪಿನಕಾಯಿ ಭರಣಿ, ಹೂಜಿ ಮಾಡಿ ಮಾರುತ್ತೇನೆ. ಕೈಗಾ ಟೌನ್‌ಶಿಪ್ಪಿನಿಂದಲೋ ಕಾರವಾರದಿಂದಲೋ ಬಂದವರು, ಮನೆಯಲ್ಲೇ ಕೂತು ಹೀಗೆ ಕೆಲಸ ಮಾಡುವುದು ಬೆಂಗಳೂರಿನಿಂದ ಬಂದ ಹೊಸ ಪದ್ಧತಿಯೇ ಎಂದು ಕೇಳುತ್ತಾರೆ. ಇದು ಈ ನದಿಯ ದಂಡೆಯಲ್ಲಿ ಎಲ್ಲಕ್ಕಿಂತ ಹಳೆಯ ಪದ್ಧತಿ. ಮನೆಯಿಂದ ಹೊರಗೆ ಮಡಕೆ ಮಾಡಿದವರೇ ಇಲ್ಲಿ ಇರಲಿಲ್ಲ.

ನನ್ನ ಅಜ್ಜನ ಮನೆ ಅಂಕೋಲಾ ಕಡೆಯದು. ಕೊಯ್ಲು ಮುಗಿದ ಗದ್ದೆಯಲ್ಲಿ ಮೇಲಿನ ಪದರ ಸರಿಸಿ ಅಡಿಯ ಜೇಡಿಯನ್ನು ಅಗೆದು ತರುತ್ತಿದ್ದರು. ಗದ್ದೆಯ ಒಡೆಯರಿಗೆ ಅದಕ್ಕೆ ಬದಲಾಗಿ ಗಡಿಗೆಗಳು. ಮಣ್ಣು ಒಡೆದು, ಕಲ್ಲು ಆರಿಸಿ, ನೆನೆಹಾಕಿ, ನುಣ್ಣನೆಯ ಮರಳು ಬೆರೆಸಿ ತುಳಿಯುವವಳು ಅಜ್ಜಿ. ಅಜ್ಜ ತಿಗರಿಯ ಮೇಲೆ ಎತ್ತಿದ ಗಡಿಗೆಗೆ ಬಾಯಿ, ಕಂಠ, ಹೆಗಲು ಮಾತ್ರ ಪೂರ್ತಿಯಾಗಿರುತ್ತಿತ್ತು. ತಳ ದಪ್ಪ, ಒರಟು. ಒಳಗೆ ಉರುಟು ಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ಬಡಿದು ಬಡಿದು ತಳವನ್ನು ತೆಳುವಾಗಿ, ಗುಂಡಗೆ ಇಳಿಸಬೇಕು. ಅದೂ ಅಜ್ಜಿಯ ಕೆಲಸ. ಮೂರು ಕಲ್ಲಿನ ಒಲೆಯ ಮೇಲೆ ಗಡಿಗೆ ಸಮನಾಗಿ ಕಾಯುವುದು, ಬಿರುಕು ಬಿಡದಿರುವುದು ಆ ಗುಂಡು ತಳದಿಂದ. ಅಂದರೆ ಗಡಿಗೆ ಬಾಳುವುದೋ ಬಾಳದೋ ಎಂಬುದು ಅಜ್ಜಿಯ ಕೈಯಲ್ಲಿತ್ತು. ಆದರೂ ತಿಗರಿಯನ್ನು ಹೆಂಗಸು ಮುಟ್ಟಬಾರದೆಂಬ ಕಟ್ಟಳೆ ನಮ್ಮ ಮನೆಯಲ್ಲೂ ಇತ್ತು, ಭಾರತದ ಎಷ್ಟೋ ಕುಂಬಾರ ಮನೆಗಳಲ್ಲೂ ಇತ್ತು. ಹರಿಹರ ರಗಳೆ ಬರೆದದ್ದು ಕುಂಬಾರ ಗುಂಡಯ್ಯನ ಮೇಲೆ. ಆ ಮನೆಗಳಲ್ಲಿ ಮಣ್ಣು ತುಳಿದ ಹೆಂಗಸರ ಹೆಸರುಗಳು ನನಗೆ ಎಲ್ಲಿಯೂ ಓದಲು ಸಿಕ್ಕಿಲ್ಲ. ತಿಗರಿಯ ಮುಂದೆ ಕೂತಾಗಲೆಲ್ಲ ಈ ವಿಷಯ ನನ್ನನ್ನು ಕಾಡುತ್ತದೆ.

ಆವಿಗೆ ಎಂದರೆ ಅಂಗಳದ ಮೂಲೆಯ ತಗ್ಗು. ಒಣಗಿದ ಗಡಿಗೆಗಳನ್ನು ಬಾಯಿ ಕೆಳಗೆ ಮಾಡಿ ಒಟ್ಟಿ, ನಡುವೆ ಕಟ್ಟಿಗೆ, ತೆಂಗಿನ ಸಿಪ್ಪೆ, ತರಗೆಲೆ ತುಂಬಿ, ಮೇಲೆ ಹುಲ್ಲು ಹೊದಿಸಿ ಕೆಸರು ಮೆತ್ತುತ್ತಿದ್ದರು. ಇಂಥ ತೆರೆದ ಸುಡುವಿಕೆಯಲ್ಲಿ ಶಾಖ 700ರಿಂದ 900 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ, ಅದರಾಚೆ ಹೋಗುವುದು ಕಷ್ಟ. ಗಾಜಿನ ಮೆರುಗು ಕೂರಬೇಕಾದರೆ ಮುಚ್ಚಿದ ಭಟ್ಟಿ ಬೇಕು, ಗಟ್ಟಿ ಪಿಂಗಾಣಿಗೆ 1200 ಡಿಗ್ರಿ ದಾಟಬೇಕು. ಆದ್ದರಿಂದ ನಮ್ಮ ಗಡಿಗೆಗಳೆಲ್ಲ ಮೆರುಗಿಲ್ಲದವು, ನೀರು ಸೂಸುವವು. ಹೊಸ ಗಡಿಗೆ ತಂದವರು ಗಂಜಿ ತಿಳಿ ಕುದಿಸಿ ಅದರ ರಂಧ್ರ ಮುಚ್ಚುತ್ತಿದ್ದರು. ಉಪ್ಪಿನಕಾಯಿ ಹಾಕುವ, ಒಳಹೊರಗೆ ಹೊಳೆಯುವ ಚೀನೀ ಭರಣಿ ಮಾತ್ರ ಹೊರಗಿನಿಂದ ಕೊಂಡು ತರಬೇಕಾದ ವಸ್ತು. ಕಾಳಿ ನದಿಯ ಬಾಯಿ ಅಂಥ ಸರಕು ಬಂದು ಹೋಗುವ ಜಾಗವೇ ಆಗಿತ್ತು. 1638ರಲ್ಲಿ ಕೋರ್ಟೀನ್ ಸಂಘದ ಇಂಗ್ಲಿಷರು ಕಾರವಾರದಲ್ಲಿ ಕೋಠಿ ಹಾಕಿದ್ದು ಮೆಣಸಿಗಾಗಿ, ಬಟ್ಟೆಗಾಗಿ. ಆಗ ಪೇಟೆ ಇದ್ದದ್ದು ಒಳಗಡೆಯ ಕಡವಾಡದಲ್ಲಿ.

ಕದ್ರಾ ಆ ನದೀದಾರಿಯ ಇನ್ನೊಂದು ತುದಿ. ಜೊಯಿಡಾದ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿಯುವ ಕಾಳಿ, ಘಟ್ಟ ಇಳಿದು ಸಮತಟ್ಟಾಗುವುದು ಇಲ್ಲಿ. ಸಮುದ್ರದಿಂದ ಹೊರಟ ದೋಣಿ ಇಲ್ಲಿಗೆ ನಿಲ್ಲುತ್ತಿತ್ತು, ಮುಂದೆ ಕೈಗಾ ಘಟ್ಟ ಹತ್ತಬೇಕು. ಒಡೆಯುವ ಸರಕಿಗೆ ಎತ್ತಿನ ಗಾಡಿಗಿಂತ ದೋಣಿಯೇ ಕ್ಷೇಮ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕಾರವಾರ ಜಿಲ್ಲೆಯ ಮುಖ್ಯ ಊರಾಯಿತು, ಬಯಲುಸೀಮೆಯ ಹತ್ತಿಯನ್ನು ಬಂದರಿಗೆ ಇಳಿಸಲು ಘಟ್ಟದ ರಸ್ತೆಗಳಾದವು. 1883ರಲ್ಲಿ ಅಚ್ಚಾದ ಮುಂಬಯಿ ಸರಕಾರದ ಕೆನರಾ ಗೆಜೆಟಿಯರಿನಲ್ಲಿ ಕುಂಬಾರರೂ ಒಂದು ಜಾತಿಯಾಗಿ ದಾಖಲಾಗಿದ್ದಾರೆ. ಅಧಿಕಾರಿಗಳು ಬರೆದ ಬರಹ ಅದು. ಮಣ್ಣಿನ ಗುಣವನ್ನು ಅಲ್ಲಿ ಹುಡುಕಿ ಫಲವಿಲ್ಲ, ಅದಕ್ಕೆ ಗಡಿಗೆಯ ಚೂರನ್ನೇ ಮುರಿದು ನೋಡಬೇಕು.

ಗಡಿಗೆಗಳ ಬಳಕೆಯ ಬಗ್ಗೆ ಮಾತ್ರ ನನಗೆ ಎಷ್ಟು ಹೇಳಿದರೂ ಸಾಲದು. ಗಂಜಿ ಬೇಯಿಸುವುದಕ್ಕೆ ಒಂದು, ಕುಚ್ಚಲಕ್ಕಿಗೆ ಭತ್ತ ಕುದಿಸುವುದಕ್ಕೆ ಇನ್ನೂ ದೊಡ್ಡದೊಂದು. ತೆಂಗಿನ ಮರದಲ್ಲಿ ಕಳ್ಳು ಇಳಿಸಲು ಕಿರಿಬಾಯಿಯ ಮಡಕೆ. ಮೀನುಸಾರಿಗೆ ಅಗಲ ಬಾಯಿಯ ಕುಂಡಲೆ. ನಮ್ಮ ಸಾರಿಗೆ ಮುರುಗಲು, ಬಿಂಬಲಿ, ವಾಟೆಹುಳಿಯೇ ಜೀವ. ಆ ಹುಳಿ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ, ಕಲಾಯಿಯಿಲ್ಲದ ತಾಮ್ರವನ್ನು ಕೆಡಿಸುತ್ತದೆ, ಸುಟ್ಟ ಮಣ್ಣಿಗೆ ಏನೂ ಮಾಡುವುದಿಲ್ಲ. ಹಗುರ, ಒಡೆಯುವುದಿಲ್ಲ ಎಂದು ಅಲ್ಯುಮಿನಿಯಮ್ ಮನೆಮನೆ ಹೊಕ್ಕಿತು, ನೀರಿನ ಕೊಡದ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಸಾರಿನ ಕುಂಡಲೆಯೊಂದು ಹಲವು ಮನೆಗಳಲ್ಲಿ ಉಳಿದುಕೊಂಡದ್ದು ಹುಳಿಯ ದೆಸೆಯಿಂದ.

ಅಜ್ಜನ ಆವಿಗೆ ಆರಿದ್ದು ಕೊಳ್ಳುವವರು ತಗ್ಗಿದ್ದರಿಂದ ಮಾತ್ರ ಅಲ್ಲ. ಕಟ್ಟಿಗೆ ಸಿಗುವುದು ಕಷ್ಟವಾಯಿತು, ಮಣ್ಣು ತೆಗೆಯಲು ಬಿಡುವ ಗದ್ದೆಗಳು ಕಡಿಮೆಯಾದವು. ಕಾಳಿಯ ಕಣಿವೆಯಲ್ಲಿ ನೆಲವೇ ನೀರಿನಡಿ ಹೋಯಿತು. ಮೇಲೆ ಸೂಪಾ ಅಣೆಕಟ್ಟು, ಕೆಳಗೆ ಕೊಡಸಳ್ಳಿ, ಅದಕ್ಕೂ ಕೆಳಗೆ, 1990ರ ದಶಕದ ಕೊನೆಗೆ, ನಮ್ಮ ಕದ್ರಾ. ಇಲ್ಲಿ 50 ಮೆಗಾವಾಟಿನ ಮೂರು ಯಂತ್ರಗಳು. ಹಿನ್ನೀರಿನ ದಡದ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಎರಡು ಘಟಕಗಳು 2000ರಲ್ಲಿ ಶುರುವಾದವು, ಅವನ್ನು ತಣಿಸುವುದು ಇದೇ ಜಲಾಶಯದ ನೀರು. ಹಳೆಯ ದಂಡೆಗಳ ಜೇಡಿ ಆ ನೀರಿನಡಿಯಲ್ಲಿದೆ. ಈಗ ನನಗೆ ಮಣ್ಣು ಸಿಗುವುದು ಅಣೆಕಟ್ಟಿನ ಕೆಳಗಿನ ಗದ್ದೆಗಳಿಂದ, ಅದೂ ಕೇಳಿ ಪಡೆದಷ್ಟು.

ಭಟ್ಟಿ ಮಾತ್ರ ವಿದ್ಯುತ್ತಿನದು. ಕಾಡಿನ ನಡುವೆ ಇದ್ದು ಕಟ್ಟಿಗೆ ಸುಡಲು ನನಗೆ ಮನಸ್ಸಿಲ್ಲ. ಸ್ವಿಚ್ಚು ಹಾಕಿ ಕೂತರೆ ಸಾಕೆಂದು ತಿಳಿಯಬಾರದು. ಮೊದಲು ತಾಸುಗಟ್ಟಲೆ 100 ಡಿಗ್ರಿಯೊಳಗೇ ಇಟ್ಟು ತೇವ ಹೋಗಲು ಬಿಡಬೇಕು. 450ರಿಂದ 600ರ ನಡುವೆ ಮಣ್ಣಿನ ಕಣಗಳಲ್ಲೇ ಬೆಸೆದುಕೊಂಡ ನೀರು ಹೊರಡುತ್ತದೆ, ಅಲ್ಲಿಂದ ಮುಂದೆ ಅದು ನೀರಲ್ಲಿ ಕರಗಿ ಮತ್ತೆ ಕೆಸರಾಗುವ ವಸ್ತುವಲ್ಲ. 573 ಡಿಗ್ರಿಯಲ್ಲಿ ಬೆಣಚಿನ ಹರಳುಗಳು ಫಕ್ಕನೆ ಹಿಗ್ಗುತ್ತವೆ, ಆರುವಾಗ ಅದೇ ಡಿಗ್ರಿಯಲ್ಲಿ ಕುಗ್ಗುತ್ತವೆ. ಅವಸರ ಮಾಡಿದರೆ ಪಾತ್ರೆ ಸೀಳುವುದು ಇಲ್ಲಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ನಡುದಾರಿಯಲ್ಲಿ ನಿಂತ ಭಟ್ಟಿಯ ಮುಂದೆ ಮಾಡುವುದೇನೂ ಇರುವುದಿಲ್ಲ. 2019ರ ಆಗಸ್ಟಿನಲ್ಲಿ ಕಾಳಿ ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿದ ಮೇಲೆ, ಭಟ್ಟಿಯನ್ನು ಚಿರೆಕಲ್ಲಿನ ಎತ್ತರದ ಕಟ್ಟೆಯ ಮೇಲೆ ಕೂರಿಸಿದ್ದೇನೆ. ಆಷಾಢ, ಶ್ರಾವಣದಲ್ಲಿ ಮಾಡಿದ ಬಟ್ಟಲು ವಾರ ಕಳೆದರೂ ಒಣಗುವುದಿಲ್ಲ. ಆಗ ಮನೆಗಳಿಂದ ಚೌತಿಯ ಗಣಪತಿಗೆ ಕೇಳಿಕೆ ಬರುತ್ತದೆ. ಗಣಪತಿಯನ್ನು ಸುಡಬೇಕಾಗಿಲ್ಲ, ನೀರಿಗೆ ಬಿಟ್ಟರೆ ಮಣ್ಣು ಮಣ್ಣನ್ನು ಸೇರುತ್ತದೆ. ಕುಮಟಾ, ಶಿರಸಿ ಕಡೆಯ ಗುಡಿಗಾರರ ಬೆರಳಿನ ನಯ ನನಗಿಲ್ಲ. ಸಣ್ಣವನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ನಾನು ತಿಗರಿ ಕಲಿತದ್ದು ಘಟ್ಟದ ಮೇಲೆ ಖಾನಾಪುರದಲ್ಲಿ. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವ ಊರು, ಜೇಡಿಮಣ್ಣಿಗೂ ಹೆಸರಾದದ್ದು. ಹೆಂಗಸರೂ ಗಂಡಸರೂ ಒಂದೇ ಸಾಲಿನಲ್ಲಿ ತಿಗರಿಗೆ ಕೂರುವುದನ್ನು ನಾನು ಮೊದಲು ನೋಡಿದ್ದು ಅಲ್ಲಿ. ಸ್ಟುಡಿಯೋ ಕಲೆಯ ಪುಸ್ತಕಗಳನ್ನು ಓದಿದ್ದು ಆಮೇಲೆ. 1920ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಬರ್ನಾರ್ಡ್ ಲೀಚ್ ಮತ್ತು ಜಪಾನಿನ ಹಮಾದಾ ಶೋಜಿ ಕಟ್ಟಿದ ಭಟ್ಟಿ, ದಿಲ್ಲಿಯಲ್ಲಿ ಗುರುಚರಣ್ ಸಿಂಗ್, 1971ರಲ್ಲಿ ಪಾಂಡಿಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಶುರುಮಾಡಿದ ಗೋಲ್ಡನ್ ಬ್ರಿಜ್ ಪಾಟರಿ. ಅವರಿಂದ ಕಲಿಯುವುದು ಬೆಟ್ಟದಷ್ಟಿದೆ, ನನಗೆ ಅವರಲ್ಲಿ ಗೌರವವಿದೆ. ಭಾರತದ ಮನೆ-ಸ್ಟುಡಿಯೋಗಳ ಕಥೆಯನ್ನು ಅಲ್ಲಿಂದಲೇ ಆರಂಭಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಗುಂಡುತಳದ ಗಡಿಗೆಯನ್ನು ಅಷ್ಟು ತೆಳುವಾಗಿ ಬಡಿಯುವ ವಿದ್ಯೆ ಆ ಪುಸ್ತಕಗಳಿಗಿಂತ ಹಳೆಯದು, ಇನ್ನೂ ಕಷ್ಟದ್ದು.

ನಮ್ಮ ಗದ್ದೆಯ ಮಣ್ಣಿನಲ್ಲಿ ಕಬ್ಬಿಣದಂಶ ಹೆಚ್ಚು. 1000 ಡಿಗ್ರಿಗೆ ಕೆಂಪಗೆ ಚೆಂದ ಬರುತ್ತದೆ, 1200 ದಾಟಿದರೆ ಕುಸಿದು ಕರಗುತ್ತದೆ. ಆದ್ದರಿಂದ ಬಿಸಿ ಚಹಾ ಹಿಡಿಯುವ ಗಟ್ಟಿ ಲೋಟಗಳಿಗೆ ಕೇರಳದ ಚೀನೀ ಜೇಡಿ, ರಾಜಸ್ಥಾನದ ಬಾಲ್ ಕ್ಲೇ ತರಿಸಿ ಕಲಸುತ್ತೇನೆ. ಗದ್ದೆಮಣ್ಣಿನ ಕರಗುವ ಗುಣ ಮೆರುಗಿಗೆ ವರವಾಯಿತು. ಸೋಸಿದ ಗದ್ದೆಮಣ್ಣಿಗೆ ಬಚ್ಚಲ ಒಲೆಯ ಬೂದಿ ಬೆರೆಸಿ ಲೋಟಕ್ಕೆ ಹಚ್ಚಿ 1240ಕ್ಕೆ ಸುಟ್ಟರೆ ಜೋನಿಬೆಲ್ಲದ ಬಣ್ಣದ ಗಾಜು ಕೂರುತ್ತದೆ. ತೆಂಗಿನ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಶ್ ಇದೆ, ಕಟ್ಟಿಗೆಯ ಬೂದಿಯಲ್ಲಿ ಸುಣ್ಣವಿದೆ. ಮಣ್ಣನ್ನು ಕರಗಿಸುವವು ಅವೇ. ನೆರೆಯ ಮನೆಗಳವರು ಬೂದಿಯನ್ನು ಡಬ್ಬಿ ತುಂಬಿ ತಂದುಕೊಡುತ್ತಾರೆ. ಪ್ರತಿ ಪಾತ್ರೆಯ ಅಡಿಗೆ ನನ್ನ ಹೆಸರನ್ನೂ ಅಜ್ಜಿಯ ಹೆಸರಿನ ಮೊದಲ ಅಕ್ಷರವನ್ನೂ ಒತ್ತುತ್ತೇನೆ.

ಇತ್ತೀಚೆಗೆ ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಕೇರಿಯೊಂದರಿಂದ ಗುಮಟೆ ಬೇಕೆಂದು ಬಂದರು. ಅವರಿಗೆ ಮಾಡಿಕೊಡುತ್ತಿದ್ದ ಕುಂಬಾರರ ಮನೆಯಲ್ಲಿ ಈಗ ಯಾರೂ ಮಣ್ಣು ಮುಟ್ಟುವುದಿಲ್ಲವಂತೆ. ಗುಮಟೆ ಎಂದರೆ ಎರಡು ಬಾಯಿಯ ಗಡಿಗೆ. ದೊಡ್ಡ ಬಾಯಿಗೆ ಚರ್ಮ, ಚಿಕ್ಕ ಬಾಯಿಗೆ ಅಂಗೈ. ಅಂಗೈ ತೆರೆದು ಮುಚ್ಚಿದಂತೆ ದನಿ ಏರುತ್ತದೆ, ಇಳಿಯುತ್ತದೆ. ಸುಗ್ಗಿ ಕುಣಿತಕ್ಕೆ ಅದಿಲ್ಲದೆ ನಡೆಯದು. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದಕ್ಕೆ ಅವಕಾಶವಿಲ್ಲ, ಈಗ ಆಡಿನ ಚರ್ಮ. ಗೋವಾ ಸರಕಾರ 2019ರಲ್ಲಿ ಗುಮಟೆಯನ್ನು ತನ್ನ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಹಾಲಕ್ಕಿ ಹಾಡುಗಳು ದೇಶಕ್ಕೆ ಗೊತ್ತಾದದ್ದು ಬಡಗೇರಿಯ ಸುಕ್ರಿ ಬೊಮ್ಮಗೌಡರಿಂದ, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಹಾಡಿನ ನಾಡಿಗೆ ಗುಮಟೆ ಮಾಡಿಕೊಟ್ಟ ಕುಂಬಾರರ ಹೆಸರು ಕೇಳಿದರೆ ಕೇರಿಯ ಹಿರಿಯರು ಒಂದೆರಡು ಮನೆತನ ಹೇಳುತ್ತಾರೆ. ನಾನು ಅವನ್ನು ಬರೆದಿಟ್ಟುಕೊಂಡಿದ್ದೇನೆ.

ಗುಮಟೆಗೆ ಹೊರಗಿನ ಜೇಡಿ ಒಗ್ಗುವುದಿಲ್ಲ, ಹೆಚ್ಚಿನ ಶಾಖವೂ ಬೇಡ. ಗಟ್ಟಿಯಾಗಿ ಬೆಂದ ಗೋಡೆ ಅವರಿಗೆ ಬೇಕಾದ ತುಂಬಿದ ದನಿ ಕೊಡಲಿಲ್ಲ. ಹೀಗಾಗಿ ಗದ್ದೆಮಣ್ಣಿಗೆ ಮರಳು ಬೆರೆಸಿ, ತಿಗರಿಯ ಮೇಲೆ ಎತ್ತಿ, ಅಜ್ಜಿಯ ಹಲಗೆಯಲ್ಲಿ ಹೊಟ್ಟೆ ಬಡಿದು, 900ರ ಒಳಗೇ ಸುಡುತ್ತೇನೆ. ದಾರ ಕಟ್ಟಲು ದೊಡ್ಡ ಬಾಯಿಗೆ ದಪ್ಪ ಅಂಚು ಇರಬೇಕು. ಹಿಂದಿನ ಕಂತಿನಲ್ಲಿ ಎರಡನ್ನು ಬಾರಿಸಿ ನೋಡಿ ಇಟ್ಟುಕೊಂಡರು, ಒಂದನ್ನು ಗೋಡೆ ದಪ್ಪವಾಯಿತೆಂದು ವಾಪಸು ಕೊಟ್ಟರು. ಅದು ನಿಜ, ಬೆರಳಲ್ಲಿ ತಟ್ಟಿದರೆ ನನಗೂ ಕೇಳುತ್ತದೆ. ದಸರೆ ಕಳೆದು ಬಿಸಿಲು ನಿಂತ ಮೇಲೆ ಮುಂದಿನವನ್ನು ಎತ್ತಬೇಕು, ಹೋಳಿ ಹುಣ್ಣಿಮೆಗೆ ಮೊದಲೇ ಚರ್ಮ ಬಿಗಿಯಲು ಅವರಿಗೆ ಸಮಯ ಸಿಗಬೇಕು.